ಕೇಳಿಸದ ಕಿವಿಗೊಂದು ಅಪೀಲು

ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಕೆಲಸ ಆಗಲಿ ಬಿಡಲಿ, ಮನೆಗೆ ಬಂದು ಹೇಳಲು ಒಂದು ಕಥೆಯಂತೂ ಸಿಕ್ಕೇ ಸಿಗುತ್ತದೆ. ಗಡಿಯಾಚೆ ಮರಾಠಿ ಸೀಮೆಯ ಗಡಹಿಂಗ್ಲಜದಲ್ಲಿ ಕನ್ನಡ ಶಾಲೆಯ ಮಾಸ್ತರನಾಗಿದ್ದ ನನಗೆ, ಎಪ್ಪತ್ತರ ದಶಕದ ಕೊನೆಯಲ್ಲಿ, ಒಂದೇ ಅರ್ಜಿಯಿಂದ ನಾಲ್ಕು ಸಿಕ್ಕವು.

ಅರ್ಜಿ ನನ್ನ ಅಕ್ಕನ ಮಗಳದು. ಅಕ್ಕನ ಮನೆ ಇಚಲಕರಂಜಿಯ ಪಕ್ಕದ ಕಬನೂರಿನಲ್ಲಿ, ಪವರ್‌ಲೂಮ್ ಶೆಡ್ಡಿನ ಗೋಡೆಗೆ ಅಂಟಿಕೊಂಡೇ ಇತ್ತು. ನಾಲ್ಕನೇ ವರ್ಷಕ್ಕೆ ಜ್ವರ ಬಂದು ಹುಡುಗಿಯ ಎರಡೂ ಕಿವಿ ಹೋದವು. ಮಾತು ಉಳಿಯಿತು. ಮಗ್ಗದ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲವಾದ್ದರಿಂದ ಶೆಡ್ಡಿನ ಮಂದಿಯೆಲ್ಲ ತುಟಿ ನೋಡಿಯೇ ಮಾತಾಡುತ್ತಾರೆ. ಅವರನ್ನು ನೋಡಿ ನೋಡಿ ಇವಳೂ ಕಲಿತಳು, ಕನ್ನಡ ಮರಾಠಿ ಎರಡರಲ್ಲೂ. ಆದರೆ ಶಾಲೆಯಲ್ಲಿ ಮಾಸ್ತರರು ಬೋರ್ಡಿನ ಕಡೆ ತಿರುಗಿ ಪಾಠ ಹೇಳಿದರೆ ಇವಳು ಏನನ್ನು ಓದಬೇಕು, ಅವರ ಬೆನ್ನನ್ನೇ? ಎರಡು ವರ್ಷ ಒಂದೇ ತರಗತಿಯಲ್ಲಿ ಕುಳಿತಳು. ಕೊಲ್ಹಾಪುರದಲ್ಲಿ ಕಿವುಡ ಮಕ್ಕಳ ಶಾಲೆಯೊಂದಿತ್ತು. ಸರ್ಕಾರದ ಭತ್ಯೆ ಮಂಜೂರಾದರೆ ಅಲ್ಲಿ ಇರಿಸಿ ಓದಿಸಬಹುದು, ಇಲ್ಲದಿದ್ದರೆ ಅದೇ ಶೆಡ್ಡಿನಲ್ಲಿ ನೂಲು ಸುತ್ತಲು ಕೂರಿಸುವುದು. ಅಷ್ಟೇ ದಾರಿ.

ಪರೀಕ್ಷೆ

ಕೊಲ್ಹಾಪುರದ ಆಸ್ಪತ್ರೆಯಲ್ಲಿ ಒಬ್ಬ ತರುಣ ಡಾಕ್ಟರು ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಮರಾಠಿಯಲ್ಲಿ ಹೆಸರು ಕೇಳಿದರು. ಹೇಳಿದಳು. ಯಾವೂರು, ಎಷ್ಟು ವಯಸ್ಸು, ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರು. ಎಲ್ಲಕ್ಕೂ ಅವರ ಬಾಯಿ ನೋಡುತ್ತ ಟಕಟಕ ಉತ್ತರ ಕೊಟ್ಟಳು. ಅವಳು ಬಾಯಿ ನೋಡುತ್ತಾಳೆ ಎಂದು ನಾನು ಹೇಳಹೋದರೆ, ಮಧ್ಯೆ ಮಾತಾಡಬೇಡಿ ಎಂದು ನನ್ನನ್ನು ಸುಮ್ಮನಾಗಿಸಿದರು.

ಅಕ್ಕನಿಗೆ ಹಿಗ್ಗೋ ಹಿಗ್ಗು. ಒಂದೂ ತಪ್ಪದೆ ಹೇಳಿದಳೆಂದು ಓಣಿಗೆಲ್ಲ ಪೇಢೆ ಹಂಚಿದಳು. ಹದಿನೈದು ದಿನಕ್ಕೆ ಕಾಗದ ಬಂತು: ಮಗುವಿಗೆ ಚೆನ್ನಾಗಿ ಕೇಳಿಸುತ್ತದೆ, ಅರ್ಜಿ ನಾಮಂಜೂರು.

ನಾನು ಓದಿ ಹೇಳಿದ ಮೇಲೆ ಅಕ್ಕ ಕಾಗದವನ್ನು ಇಸಿದುಕೊಂಡು ತಿರುವಿ ನೋಡಿದಳು. ಆಮೇಲೆ ಕೇಳಿದಳು, "ತಮ್ಮಾ, ಪಾಸಾದವರನ್ನ ಫೇಲ್ ಮಾಡೂ ಪರೀಕ್ಷಾ ನಿಮ್ಮ ಸಾಲ್ಯಾಗೂ ಐತೇನು?"

ಸಹಿ

ಅಪೀಲು ಹಾಕಲು ಕಚೇರಿಗೆ ಹೋದೆ. ಗುಮಾಸ್ತರು ಕೊಟ್ಟ ಫಾರ್ಮಿನ ಕೊನೆಯಲ್ಲಿ ಮರಾಠಿಯಲ್ಲಿ ಒಂದು ಸಾಲು ಅಚ್ಚಾಗಿತ್ತು: 'ನಿರ್ಣಯವನ್ನು ನನಗೆ ಓದಿ ಹೇಳಿದರು, ನಾನು ಕೇಳಿಸಿಕೊಂಡೆ.' ಅದರ ಕೆಳಗೆ ಅರ್ಜಿದಾರಳೇ ಸಹಿ ಹಾಕಬೇಕು.

ಸಹಿ ಹಾಕಿದರೆ ಕೇಳಿಸುತ್ತದೆ ಎಂದು ಅವಳೇ ಒಪ್ಪಿದ ಹಾಗಾಗುತ್ತದೆ ಎಂದೆ. ಹಾಕದಿದ್ದರೆ ಅಪೀಲು ತಗೊಳ್ಳುವುದಿಲ್ಲ ಎಂದರು. 'ಕೇಳಿಸಿಕೊಂಡೆ' ಅನ್ನುವುದನ್ನು ಹೊಡೆದು 'ಓದಿಕೊಂಡೆ' ಎಂದು ಬರೆಯಲೇ ಎಂದು ಕೇಳಿದೆ. ಗುಮಾಸ್ತರು ಫಾರ್ಮನ್ನು ತಿರುವಿ ಮುರುವಿ ನೋಡಿದರು. ಅವರಿಗೂ ಕುತೂಹಲ ಹುಟ್ಟಿದಂತಿತ್ತು. ಒಳಗೆ ಹೋಗಿ ಸಾಹೇಬರನ್ನು ಕೇಳಿ ಬಂದು, ಬರೀರಿ ಎಂದರು. ಆದರೂ ಅವರಿಗೆ ಸಮಾಧಾನವಿರಲಿಲ್ಲ.

"ಗುರುಜಿ, ಹನ್ನೆರಡ ವರ್ಷ ಆತು ಈ ಫಾರ್ಮ್ ಓದಿ ಹೇಳಾಕತ್ತು," ಎಂದರು. "ಇಲ್ಲೀತನಾ ಒಬ್ಬ ಕಿವುಡನೂ ತಕರಾರು ಮಾಡಿಲ್ಲ ನೋಡ್ರಿ."

ಬಸ್ಸು

ಎರಡನೇ ಪರೀಕ್ಷೆಗೆ ಕರೆ ಬಂತು. ಈ ಸಲ ಡಾಕ್ಟರು ಏನು ಕೇಳಿದರೂ ಬಾಯಿ ಬಿಡಬೇಡವೆಂದು ಅಕ್ಕ ಮಗಳಿಗೆ ಹೇಳಿಕೊಟ್ಟಿದ್ದಳು. ದೊಡ್ಡವರು ಕೇಳಿದರೆ ಹೇಳಬೇಕೆಂದು ಕಲಿಸಿದವಳೂ ಅವಳೇ. ಹುಡುಗಿಗೆ ಗೊಂದಲವಾಗಿ ನನ್ನ ಮುಖ ನೋಡಿದಳು. ಸುಳ್ಳು ಬೇಡ, ನೀನು ಇದ್ದ ಹಾಗೇ ಇರು ಎಂದೆ.

ಇಚಲಕರಂಜಿ ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸಿನ ಪಕ್ಕಕ್ಕೆ ಇನ್ನೊಂದು ಬಸ್ಸು ಬಂದು ನಿಂತಿತು. ಅದರ ಮುಚ್ಚಿದ ಗಾಜಿನ ಹಿಂದೆ ಗಂಡ ಹೆಂಡತಿ ಏನೋ ಮಾತಾಡುತ್ತಿದ್ದರು. ಹುಡುಗಿ ಕಣ್ಣು ಕೀಲಿಸಿ ನೋಡುತ್ತಿದ್ದಳು. ತನ್ನ ದನಿ ಎಷ್ಟು ದೊಡ್ಡದು ಎಂಬುದು ಪಾಪ ಅವಳಿಗೆ ಗೊತ್ತಾಗುವುದಿಲ್ಲ.

"ಮಾಮಾ, ಆ ಅಕ್ಕಾರು ತವರಮನಿಗಂತ ಹೇಳಿ ಸಿನಿಮಾಕ್ಕ ಹೊಂಟಾರಂತ. ಅವರ ಅತ್ತೀಗೆ ಗೊತ್ತಿಲ್ಲಂತ."

ನಮ್ಮ ಇಡೀ ಬಸ್ಸು ಆ ಕಡೆ ಬಗ್ಗಿತು. ಹಿಂದಿನ ಸೀಟಿನ ಅಜ್ಜಿಯೊಬ್ಬಳು ನನ್ನ ಭುಜ ತಟ್ಟಿ, ಯಾವ ಸಿನಿಮಾ ಅಂತ ಕೇಳಿ ಹೇಳು ಎಂದಳು.

ಬೋರ್ಡು

ಆಸ್ಪತ್ರೆಯಲ್ಲಿ ಈ ಸಲ ಮೂವರು ಡಾಕ್ಟರ ಮೆಡಿಕಲ್ ಬೋರ್ಡೇ ಕುಳಿತಿತ್ತು. ನಡುವೆ ಹಿರಿಯರು. ಅವರ ಮೀಸೆ ಎರಡೂ ತುಟಿಗಳನ್ನು ಮುಚ್ಚಿ ಕೆಳಗಿಳಿದಿತ್ತು. ಎಡಕ್ಕೆ ಮೊದಲ ಸಲದ ತರುಣ ಡಾಕ್ಟರು, ಬಲಕ್ಕೆ ಆ ತರುಣರ ವಯಸ್ಸಿನವರೇ ಇನ್ನೊಬ್ಬರು.

ಹಿರಿಯರು ಮರಾಠಿಯಲ್ಲಿ ಹೆಸರು ಕೇಳಿದರು. ಹುಡುಗಿ ಅವರ ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ಬಗ್ಗಿ ನೋಡಿ, "ಮಾಮಾ, ಇವರ ಬಾಯಿ ಎಲ್ಲೈತಿ?" ಎಂದಳು. ತರುಣ ಡಾಕ್ಟರು ಅದೇ ಪ್ರಶ್ನೆ ಕೇಳಿದರು, ತಟ್ಟನೆ ಹೆಸರು ಹೇಳಿದಳು. ಒಬ್ಬರದು ಕೇಳಿಸುತ್ತದೆ, ಒಬ್ಬರದು ಕೇಳಿಸುವುದಿಲ್ಲ, ಇದೆಂಥ ಕಿವಿ ಎಂದು ಮೂವರೂ ಮುಖ ಮುಖ ನೋಡಿಕೊಂಡರು. ದಯಮಾಡಿ ಅವಳ ಹಿಂದೆ ನಿಂತು ಕೇಳಿರಿ ಎಂದು ಕೈ ಮುಗಿದೆ.

ಹಿರಿಯರು ಎದ್ದು ಅವಳ ಬೆನ್ನ ಹಿಂದೆ ಹೋದರು. ಹೆಸರು ಕರೆದರು. ಚಪ್ಪಾಳೆ ತಟ್ಟಿದರು. ಕೊನೆಗೆ ಸ್ಟೀಲಿನ ತಟ್ಟೆಯೊಂದನ್ನು ನೆಲಕ್ಕೆ ಬಿಟ್ಟರು. ನಾನು ಹಾರಿಬಿದ್ದೆ, ಹೊರಗಿದ್ದ ಪ್ಯೂನ್ ಓಡಿ ಬಂದ. ಹುಡುಗಿ ಮಾತ್ರ ಎವೆ ಅಲುಗಿಸದೆ ಗೋಡೆಯ ಮೇಲಿನ ಕಿವಿಯ ಚಿತ್ರ ನೋಡುತ್ತ ಕುಳಿತಿದ್ದಳು.

ಹಿರಿಯರು ಬಂದು ಕುಳಿತು ಬರೆಯತೊಡಗಿದರು. ತರುಣ ಡಾಕ್ಟರು ಕಿಟಕಿಯ ಹತ್ತಿರ ಹೋಗಿ ತಮ್ಮ ಜೊತೆಯವರಿಗೆ ಏನೋ ಪಿಸುಗುಟ್ಟಿದರು. ನನಗಂತೂ ಕೇಳಿಸಲಿಲ್ಲ. ಹುಡುಗಿ ಗಟ್ಟಿಯಾಗಿ ಹೇಳಿದಳು:

"ಮಾಮಾ, ಈ ಮೀಸಿ ಅಜ್ಜಾಗೂ ಕಿವಿ ಕೇಳಂಗಿಲ್ಲಂತ. ಅವರಿಗೂ ಒಂದ ಸರ್ಟಿಫಿಕೇಟ ಕೊಡಬೇಕಂತ ಆ ಡಾಕ್ಟರ ಹೇಳಾಕತ್ತಾರ."

ಹಿರಿಯರು ತಲೆ ಎತ್ತದೆ, "ಪೋರಗೀ ಕಾಯ್ ಮ್ಹಣತೇ?" ಎಂದು, ಹುಡುಗಿ ಏನನ್ನುತ್ತಾಳೆಂದು ಕೇಳಿದರು. ಕನ್ನಡ ಬಾರದವರು, ಬದುಕಿದೆ ಎಂದುಕೊಂಡು, ಸಹಿ ಆಯಿತೇ ಎಂದು ಕೇಳುತ್ತಿದ್ದಾಳೆ ಅಂತ ಮರಾಠಿಯಲ್ಲಿ ಹೇಳಿಬಿಟ್ಟೆ. ಅವರು ಸಹಿ ಹಾಕಿದರು, ಶಿಕ್ಕೆ ಒತ್ತಿದರು, ಕಾಗದವನ್ನು ನನ್ನ ಕೈಗೆ ಕೊಟ್ಟರು. ಭತ್ಯೆ ಮಂಜೂರಾಗಿತ್ತು.

ಆಮೇಲೆ ಹುಡುಗಿಯ ಎದುರಿಗೆ ಬಗ್ಗಿ, ಎರಡೂ ಕೈಯಿಂದ ಮೀಸೆಯನ್ನು ಎತ್ತಿ ಹಿಡಿದು, ತುಟಿ ಕಾಣುವ ಹಾಗೆ, ಅಚ್ಚ ನಿಪ್ಪಾಣಿ ಕನ್ನಡದಲ್ಲಿ ನಿಧಾನವಾಗಿ ಹೇಳಿದರು:

"ನನಗ ಛಲೋ ಕೇಳಸ್ತೈತವಾ. ನಿಮ್ಮ ಮಾಮಾಗ ಹೇಳ."