ನಾದಿನಿಯ ಗಾಡಿಗೆ ಯಾವ ರಬ್ಬರು?

ಬಂದ್ರು ನೋಡ್ರಿ ಮತ್ತೊಬ್ಬರು! ಬರೆಯೋಣ ಅಂತ ಪೆನ್ನು ಹಿಡಿದೆನೋ ಇಲ್ಲವೋ, "ಯಕ್ಕಾ, ಒಂಚೂರು ಹವಾ ಹಾಕ್ರಿ" ಅಂತ ಸ್ಕೂಟಿ ತಂದು ನಿಲ್ಲಿಸಿದರು. ಅವರನ್ನು ಕಳಿಸಿ ಕೂತರೆ ಮಗಳು ವಾಲ್ವಿನ ಟೊಪ್ಪಿಗೆ ಬಾಯಿಗೆ ಹಾಕಿಕೊಂಡಿದ್ದಳು. ಇಳಕಲ್ಲಿನಲ್ಲಿ ಹುನಗುಂದ ರಸ್ತೆಗೆ ಟೈರಿನ ಅಂಗಡಿ ಇಟ್ಟವರಿಗೆ ಪುರುಸೊತ್ತು ಸಿಗುವುದಿಲ್ಲ, ನಗಲಿಕ್ಕೆ ಮಾತ್ರ ದಿನಾ ಏನಾದರೊಂದು ಸಿಗುತ್ತದೆ. ನಾದಿನಿ ಬೈಕ್ ರೇಸಿಗೆ ಹೆಸರು ಕೊಟ್ಟ ಮೇಲಂತೂ ಕೇಳುವುದೇ ಬೇಡ.

ಹೌದು, ನಾದಿನಿ. ಮೈದುನ ಅಲ್ಲ. ಎಲ್ಲರೂ ಎರಡು ಸಲ ಕೇಳುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಮಾವ ಗ್ರಾನೈಟ್ ಪಾಲಿಶ್ ಮಾಡುವವರು, ಮಾತೂ ಕಲ್ಲಿನಂಥದ್ದೇ. "ಬೀಳದಂಗ ರೇಸ್ ಮುಗಿಸಿ ಬಂದ್ರ ಗಾಡಿ ಮನ್ಯಾಗ ಇರತೈತಿ. ಬಿದ್ದೆಂದ್ರ ಮರುದಿನಾನ ಮಾರ್ತೇನಿ" ಅಂದುಬಿಟ್ಟರು. ಬೀಳುವುದು ಬಿಡುವುದು ಟೈರಿನ ಕೈಯಲ್ಲಿ. ಹಾಗಾಗಿ ಗಾಡಿಗೆ ಮೆತ್ತನೆಯ ರಬ್ಬರಿನ ಟೈರೋ, ಗಟ್ಟಿಯದೋ, ನಡುವಿನದೋ ಅನ್ನುವುದು ನಮ್ಮ ಮನೆಯಲ್ಲಿ ವರ ನೋಡುವುದಕ್ಕಿಂತ ದೊಡ್ಡ ವಿಷಯವಾಯಿತು.

ಗಟ್ಟಿದು

ಮಾವನದು ಗಟ್ಟಿ ಪಕ್ಷ. "ಐದು ವರ್ಷ ಸವೀಬಾರದು, ಅಂಥಾದ್ದ ಹಾಕು" ಅಂದರು.

"ಮಾವಾರ, ಗಟ್ಟಿ ರಬ್ಬರು ಬಾಳಿಕಿ ಬರತೈತಿ ಖರೆ, ಆದ್ರ ತಿರುವಿನ್ಯಾಗ ರಸ್ತಾ ಹಿಡಿಯಂಗಿಲ್ಲ. ಮೆತ್ತಗಿಂದು ಹಿಡೀತೈತಿ, ಆದ್ರ ಲಗೂನ ಸವೀತೈತಿ" ಅಂದೆ.

"ಅಂದ್ರ ಇಕಿ ರೇಸಿಗೆ ಹೊಂಟಾಳೋ, ರಸ್ತಾಕ್ಕ ರಬ್ಬರು ಹಂಚಾಕ ಹೊಂಟಾಳೋ?"

"ಅಪ್ಪಾ, ಗಟ್ಟಿದು ಜಾರತೈತಿ" ಅಂದಳು ನಾದಿನಿ.

"ಜಾರ್ಲಿ. ಜಾರತೈತಿ ಅಂತ ಗೊತ್ತಿದ್ರ ಸಾವಕಾಶ ಹೋಗ್ತಿ. ನನಗ ಬೇಕಾಗಿದ್ದೂ ಅದ."

ರೇಸಿನಲ್ಲಿ ಮಗಳು ಸಾವಕಾಶ ಹೋಗಲಿ ಅಂತ ಟೈರು ಆರಿಸಿದ ತಂದೆ ಇಡೀ ಬಾಗಲಕೋಟೆ ಜಿಲ್ಲೆಯಲ್ಲಿ ಇವರೊಬ್ಬರೇ ಇರಬೇಕು.

ಮೆತ್ತಗಿಂದು

ನನ್ನ ಗಂಡನದು ಮೆತ್ತನೆಯ ಪಕ್ಷ. ಮೊಬೈಲಿನಲ್ಲಿ ಯಾವನೋ ದೊಡ್ಡ ರೇಸುಗಾರ ಎಲ್ಲಕ್ಕಿಂತ ಮೆತ್ತನೆಯ ಟೈರು ಹಾಕಿದ್ದನ್ನು ನೋಡಿದ್ದರು. "ಅಂವ ಹಾಕ್ಯಾನಂದ್ರ ನಮ್ಮ ತಂಗಿಗೂ ಅದ."

"ರೀ, ಆ ರಬ್ಬರು ಕಾದ ಮ್ಯಾಲ ಹಿಡಿಯೂದು. ಅಂವ ಓಡಿಸೂ ಸ್ಪೀಡಿಗೆ ಕಾಯತೈತಿ. ಇಕಿ ಈಗಷ್ಟ ಕಲಿಯಾಕತ್ತಾಳ. ಕಾಯದ ಹಂಚಿನ ಮ್ಯಾಲ ರೊಟ್ಟಿ ಹಾಕಿದಂಗ ಆಗತೈತಿ."

ಗಂಡ ರೊಟ್ಟಿ ತಿಂದವರೇ ಹೊರತು ಬಡಿದವರಲ್ಲ. ಬಾಗಲಕೋಟೆಯ ಗೆಳೆಯ ಓಡಿಸಿ ಬಿಟ್ಟ ಒಂದು ಜೋಡಿ ಮೆತ್ತನೆಯ ಟೈರು ತಂದು ಹಾಕಿದರು. ಮಾವ ಕೆಲಸ ಮಾಡುವ ಗ್ರಾನೈಟ್ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ, ರವಿವಾರ ಬೆಳಿಗ್ಗೆ, ಪರೀಕ್ಷೆ. ನಾದಿನಿ ಹೊರಟಳು. ಮೊದಲ ತಿರುವಿನಲ್ಲಿ ತಣ್ಣಗಿನ ಟೈರು ಸುಯ್ಯಂತ ಸರಿಯಿತು. ಗಾಡಿ ಒಂದು ಕಡೆ, ಹುಡುಗಿ ಕಲ್ಲಿನ ಪುಡಿಯ ಗುಡ್ಡೆಯೊಳಗೆ. ಪುಡಿ ಮೆತ್ತಗಿತ್ತು, ಎಲ್ಲೂ ತರಚಲಿಲ್ಲ. ಆದರೆ ನೆತ್ತಿಯಿಂದ ಬೂಟಿನ ತನಕ ಬೆಳ್ಳಗಾಗಿ ಎದ್ದಳು.

ಸದ್ದು ಕೇಳಿ ಮಾವ ಕಾರ್ಖಾನೆಯೊಳಗಿಂದ ಓಡಿ ಬಂದರು. "ಬಿದ್ದೇನ?"

ಗಾಡಿ ಮಾರುವ ಮಾತು ನೆನಪಾಯಿತೇನೋ, ಕಣ್ಣಷ್ಟೇ ಕಾಣುತ್ತಿದ್ದ ಹುಡುಗಿ ಹೇಳಿದಳು: "ಇಲ್ಲಪ್ಪಾ. ಗಾಡಿ ಮಲಗ್ತು, ಯಾಕ ಮಲಗ್ತಂತ ನೋಡಾಕ ನಾ ಬಾಜೂಕ ಕುಂತೆ."

ನಡುವಿಂದು

ಕೊನೆಗೆ ನಾನು ಮೊದಲಿಂದ ಹೇಳಿದ್ದೇ ಆಯಿತು. ಹೊಸಬರಿಗೆ ನಡುವಿನ ರಬ್ಬರೇ ಸರಿ. ಲಗೂ ಕಾಯುತ್ತದೆ, ತಪ್ಪು ಮಾಡಿದರೂ ಕೈ ಬಿಡುವುದಿಲ್ಲ. ಹೊಸ ಟೈರಿನ ಮೇಲೆ ನುಣುಪು ಇರುತ್ತದಲ್ಲ, ಅದು ಜಾರಬಾರದು ಅಂತ ನಾನೇ ಕೂತು ಪಾಲಿಶ್ ಕಾಗದದಿಂದ ತಿಕ್ಕಿ ಒರಟು ಮಾಡಿದೆ. ಕೈ ನೋಯುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಗಾಡಿಯನ್ನು ಪಡಸಾಲೆಯಲ್ಲಿ ನಿಲ್ಲಿಸಿ ಒಲೆಯ ಹತ್ತಿರ ಹೋದೆ.

ಹೊರಗೆ ಬಂದರೆ ಅತ್ತೆ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಎರಡೂ ಟೈರಿಗೆ ವಿಭೂತಿ ಹಚ್ಚಿದ್ದರು. ಹಚ್ಚಲಿ. ಆದರೆ ಪಕ್ಕದಲ್ಲಿ ಕುಸುಬಿ ಎಣ್ಣೆಯ ಬಟ್ಟಲಿತ್ತು.

"ಅತ್ತೀ, ಏನ್ ಮಾಡಿದ್ರಿ?"

"ಯಾರೋ ಟೈರೆಲ್ಲಾ ಕೆರೆದು ಹಾಕ್ಯಾರವಾ. ನಮ್ಮ ಕೂಸಿನ ಮೈ ಚಳಿಗಾಲದಾಗ ಒಡದಂಗ ಒಡದಿತ್ತು. ಎಣ್ಣಿ ಹಚ್ಚಿ ತಿಕ್ಕಿದೆ. ಈಗ ನೋಡು, ಹೆಂಗ ಮಿಂಚಾಕತ್ತೈತಿ!"

ನಾದಿನಿ ಅಳುವುದೊಂದೇ ಬಾಕಿ. ಮರುದಿನ ಹೊರಡಬೇಕು. ಕಡಲೆಹಿಟ್ಟು ತಂದು ಟೈರಿಗೆ ಸವರಿ, ಬಿಸಿನೀರು ಸುರಿದು, ಪಾತ್ರೆ ತೊಳೆಯುವ ಸಾಬೂನಿನಿಂದ ಎರಡೆರಡು ಸಲ ತೊಳೆದು, ಒಣಗಿಸಿ, ಮತ್ತೆ ಕಾಗದ ಹಿಡಿದು ತಿಕ್ಕಿದೆವು. ಅತ್ತೆ ಬಾಗಿಲಿಗೆ ಒರಗಿ ನೋಡುತ್ತಿದ್ದರು. ನನಗೂ ಪಾಪ ಅನ್ನಿಸಿತು. ಹೊಡೆದ ಹಾಗೆ ಒದರಿದ್ದೆನಲ್ಲ ಅಂತ ಹತ್ತಿರ ಹೋದೆ. ಅವರು ಮೆಲ್ಲಗೆ ಕೇಳಿದರು:

"ಎಣ್ಣಿ ಹಚ್ಚಿದ್ದೂ ಆತು, ಎರದದ್ದೂ ಆತು. ಲೋಬಾನದ ಹೊಗಿ ಹಾಕ್ಲೇನು?"

ಅಂಚು

ರೇಸು ತಮಿಳುನಾಡಿನಲ್ಲಿ. ಮನೆಮಂದಿಯೆಲ್ಲ ಹೋದೆವು. ಅಲ್ಲಿ ಬಹಳ ಮಂದಿಯ ಟೈರುಗಳು ಕರೆಂಟಿನ ಬಿಸಿ ಹೊದಿಕೆ ಹೊದ್ದು ಕೂತಿದ್ದವು. ನಮ್ಮ ರಬ್ಬರಿಗೆ ಅದು ಬೇಕಿರಲಿಲ್ಲ. ಆದರೂ "ಎಲ್ಲಾರೂ ಹೊದಿಸ್ಯಾರ, ನಮ್ಮದಷ್ಟ ಬರೀ ಮೈಲೆ ನಿಲ್ಲಬೇಕೇನು?" ಅಂತ ಅತ್ತೆ ತಾವೇ ಹೊಲಿದ ಕೌದಿಯನ್ನು ಬ್ಯಾಗಿನಿಂದ ತೆಗೆದು ಸುತ್ತಿದರು. ಪಕ್ಕದ ತಂಡದವನು ಮುಟ್ಟಿ ನೋಡಿ, ಇದು ಯಾವ ಕಂಪನಿಯದು ಅಂತ ಕೇಳಿದ. "ನಮ್ಮ ಅತ್ತಿ ಕಂಪನಿದು" ಅಂದೆ.

ರೇಸು ಶುರುವಾಯಿತು. ಮಾವ ತಂತಿಬೇಲಿ ಹಿಡಿದು ನಿಂತರು. ನಾದಿನಿ ಎದುರಿನ ತಿರುವಿಗೆ ಬಂದಾಗಲೆಲ್ಲ, "ವಾಲಬ್ಯಾಡಾ! ಏ, ಭಾಳ ವಾಲಬ್ಯಾಡಾ!" ಅಂತ ಒಂದೇ ಸಮ ಒದರಿದರು. ಮೆತ್ತನೆಯ ಟೈರನ್ನು ಕಾಯಿಸದೆ ಬಂದ ಇಬ್ಬರು ಹುಡುಗರು ಶುರುವಿನಲ್ಲೇ ಜಾರಿ ಹುಲ್ಲಿಗೆ ಹೋದರು. ನಮ್ಮ ಹುಡುಗಿ ಬೀಳಲಿಲ್ಲ. ಗೆಲ್ಲಲೂ ಇಲ್ಲ, ನಡುವಿನ ರಬ್ಬರಿನವಳು ನಡುವಿನಲ್ಲೇ ಬಂದು ಮುಗಿಸಿದಳು. ನಾನು ಅತ್ತೆಯನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಗಾಡಿ ಉಳಿಯಿತು!

ಮಾವ ಮಾತ್ರ ಮಗಳನ್ನು ಬಿಟ್ಟು ಟೈರಿನ ಹತ್ತಿರ ಹೋದರು. ಕಲ್ಲಿನ ಪಾಲಿಶ್ ನೋಡುವ ಹಾಗೆ ಬೆರಳಾಡಿಸಿದರು. ಟೈರಿನ ನಡುಭಾಗ ಸವೆದಿತ್ತು. ಎರಡೂ ಅಂಚಿಗೆ ಮಾತ್ರ ಒಂದೊಂದು ಪಟ್ಟಿ, ಸೀರೆಯ ದಡಿಯ ಹಾಗೆ, ನಾನು ತಿಕ್ಕಿದ ಗೀರಿನ ಸಮೇತ ಹೊಸದಾಗಿಯೇ ಉಳಿದಿತ್ತು.

"ಇಲ್ಲಿ ಯಾಕ ಸವದಿಲ್ಲ?"

"ಅಲ್ಲಿ ತನಕ ಸವೀಬೇಕಂದ್ರ ಇನ್ನೂ ವಾಲಬೇಕಪ್ಪಾ" ಅಂದಳು ನಾದಿನಿ.

"ಮತ್ತ ವಾಲಾಕ ಏನಾಗಿತ್ತು? ಮುಂದಿದ್ದ ಆ ಹುಡುಗನ್ನ ಹಿಡೀತಿದ್ದಿ!"

"ನೀನ ಒದರಾಕತ್ತಿದ್ದೆಲ್ಲಾ, ವಾಲಬ್ಯಾಡಾ ಅಂತ!"

ಮಾವ ಟೈರಿನ ಮೇಲಿನ ಬೆರಳು ತೆಗೆದರು. ಆಮೇಲೆ ನನ್ನ ಕಡೆ ತಿರುಗಿದರು. ಅವರು ಕೇಳಿದ್ದಿಷ್ಟು:

"ಟೈರಿಂದೆಲ್ಲಾ ನಿನಗ ಗೊತ್ತೈತಲ್ಲವಾ, ನೀನ ಹೇಳು. ಮುಂದಿನ ರೇಸಿಗೆ, ಅಪ್ಪ ಒದರಿದ್ದು ಕಿವಿಗೆ ಬೀಳದಂಥ ರಬ್ಬರು ಯಾವುದು?"