ಬೀಗರ ಹಿತ್ತಲಕ್ಕೆ ಕೋರ್ಟ್ ಹಾಕಿದ್ದು

ಮಗ್ಗ ಮಾರಿ ಪ್ಲಾಸ್ಟಿಕ್ ಹುಲ್ಲು ಹಾಸುವ ಕೆಲಸಕ್ಕೆ ಇಳಿದಾಗಿನಿಂದ ನಾನು ಎಲ್ಲಿ ಹೋದರೂ ಒಂದಿಲ್ಲೊಂದು ಫಜೀತಿ ಆಗಿಯೇ ಆಗುತ್ತದೆ. ಮುಧೋಳವೋ ಬೀಳಗಿಯೋ ಆದರೆ ಸಾಮಾನು ಗಾಡಿಗೆ ಹೇರಿ ಬನಹಟ್ಟಿಗೆ ಬಂದುಬಿಡಬಹುದು, ಮತ್ತೆ ಆ ಓಣಿ ತುಳಿಯದಿದ್ದರಾಯಿತು. ಆದರೆ ಕಳೆದ ಚಳಿಗಾಲದಲ್ಲಿ ಆದದ್ದೆಲ್ಲ ಜಮಖಂಡಿಯಲ್ಲಿ, ನನ್ನ ಮಗಳನ್ನು ಕೊಟ್ಟ ಮನೆಯಲ್ಲಿ.

ಬೀಗರಿಗೆ ಡಾಕ್ಟರು ಆಟವಾಡಿ ಮೈ ಇಳಿಸಿಕೊಳ್ಳಿ ಎಂದಿದ್ದರು. ಹಿತ್ತಲಲ್ಲಿ ಬ್ಯಾಡ್ಮಿಂಟನ್ ಕೋರ್ಟ್ ಹಾಕಿಸುವ ಮಾತು ಬಂತು. ಮಗಳು ಫೋನ್ ಮಾಡಿದಳು: "ಅಪ್ಪಾ, ನಮ್ಮಪ್ಪನಂಗ ಕೆಲಸಾ ಮಾಡಾವರು ಈ ಕಡೆ ಯಾರೂ ಇಲ್ಲ ಅಂತ ನಾನ ಹೇಳೇನಿ. ಅತ್ತೀ ಮುಂದ ನನ್ನ ಮಾರಿ ಕೆಡಸಬ್ಯಾಡ."

ನಾನು ಮೂರು ಸಲ ಕೆಡಿಸಿದೆ.

ನಾಲ್ಕೇ ದಿನ

ಬೀಗರಿಗೆ ಒಬ್ಬ ಅಣ್ಣ. ಪಕ್ಕದ ಮನೆಯೇ ಅವರದು. ವರ್ಷದ ಹಿಂದೆ ಹಿತ್ತಲನ್ನು ಎರಡು ಪಾಲು ಮಾಡಿಕೊಂಡಿದ್ದರು. ಗೋಡೆ ಇನ್ನೂ ಕಟ್ಟಿರಲಿಲ್ಲ, ಮಾತು ಮಾತ್ರ ಬಿಟ್ಟಿದ್ದರು.

ಮೊದಲನೇ ದಿನ ನಾನು ಅಲ್ಲಿ ನಿಂತು ಹುಲ್ಲು ಕಳಿಸುವವನಿಗೆ ಫೋನಿನಲ್ಲಿ ಒದರುತ್ತಿದ್ದೆ: "ನಾಳೆ ಬೀಗರ ಹಿತ್ತಲಕ್ಕ ಕೋರ್ಟ್ ಹಾಕಾವನ, ಬಿಡಾಂವಲ್ಲ." ಫೋನ್ ಇಟ್ಟು ನೋಡಿದರೆ ಆ ಅಣ್ಣ ಎದುರಿಗೇ ನಿಂತಿದ್ದಾರೆ.

"ಕೋರ್ಟ್ ಹಾಕ್ತೀರೇನು?"

"ಹೌದ್ರಿ ಅಣ್ಣಾವರ. ಬೀಗರ ಆಸೆ ಅದು."

"ಎಷ್ಟು ಜಾಗಾ ಹಿಡೀತೀರಿ?"

"ಒಂದಿಂಚೂ ಬಿಡಾಂಗಿಲ್ರಿ."

"ಮುಗ್ಯಾಕ ಎಷ್ಟು ದಿನಾ?"

"ನಾಕ ದಿನದಾಗ ಮುಗಸ್ತೀನ್ರಿ."

ಅವರ ಮುಖ ಇಳಿಯಿತು. "ನಾಕ ದಿನಾ? ನಮ್ಮಪ್ಪ ಹಾಕಿದ್ದು ಇಪ್ಪತ್ತು ವರ್ಷ ನಡೀತು."

ಅವರಪ್ಪ ಅಂಥ ಆಟಗಾರರೆಂದು ನನಗೆ ಗೊತ್ತಿರಲಿಲ್ಲ. "ಆಗಿನ ಸಾಮಾನ ಗಟ್ಟಿ ಇರ್ತಿತ್ತು ಬಿಡ್ರಿ," ಎಂದೆ. ಅಷ್ಟಕ್ಕೆ ಸುಮ್ಮನಿರದೆ, "ನಿಮಗೂ ಒಂದು ಹಾಕ್ಲೇನ್ರಿ?" ಎಂದು ಜೇಬಿನಿಂದ ಕಾರ್ಡ್ ತೆಗೆದುಕೊಟ್ಟೆ. ಅವರು ಕಾರ್ಡ್ ಇಸಿದುಕೊಂಡು ನೆಟ್ಟಗೆ ವಕೀಲರ ಮನೆಗೆ ಹೋದರಂತೆ.

ಸೆರಗು

ಮನೆಗೆ ಬಂದ ಬೀಗರೇ ಕೈಗೆ ಮಣ್ಣು ಹತ್ತಿಸಿಕೊಂಡರೆ ಓಣಿಯವರು ಏನೆಂದಾರು? ಎರಡನೇ ದಿನ ಹುಲ್ಲು ಹಾಸುವಾಗ ಬೀಗತಿ ನನ್ನನ್ನು ಕೆಲಸಕ್ಕೆ ಇಳಿಯಲು ಬಿಡಲೇ ಇಲ್ಲ. ಪಡಸಾಲೆಯಲ್ಲಿ ಖುರ್ಚಿ ಹಾಕಿ, ಟವೆಲ್ ಹೊದಿಸಿ, ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಾ ಹೋದರು. ಐದನೇ ಹೋಳಿಗೆಗೆ ನನಗೆ ಗಡದ್ದಾಗಿ ನಿದ್ದೆ ಹತ್ತಿತು.

ಎದ್ದು ಹೋಗಿ ನೋಡಿದರೆ ಆಳುಗಳು ಹುಲ್ಲು ಹಾಸಿ ಅಂಟು ಹಾಕಿ ಮುಗಿಸಿದ್ದರು, ಆದರೆ ಒಂದು ಪಟ್ಟಿ ಉಲ್ಟಾ. ಈ ಹುಲ್ಲಿನ ಎಳೆಗಳು ಒಂದೇ ಕಡೆ ಬಾಗಿರುತ್ತವೆ. ಎಲ್ಲ ಪಟ್ಟಿಗಳನ್ನೂ ಒಂದೇ ದಿಕ್ಕಿಗೆ ಹಾಸದಿದ್ದರೆ ಬಣ್ಣ ಬೇರೆ ಕಾಣುತ್ತದೆ. ಹುಟ್ಟಿದಾಗಿನಿಂದ ಬಟ್ಟೆಯ ನಡುವೆಯೇ ಬೆಳೆದ ಬನಹಟ್ಟಿಯವನ ಕೆಲಸ ಇದು.

ಮಾಳಿಗೆಯಿಂದ ಬೀಗತಿ ಕೇಳಿದರು: "ಬೀಗರ, ಇದೊಂದ ಪಟ್ಟಿ ಯಾಕ ಬ್ಯಾರೆ ಕಾಣತೈತಿ?"

"ಡಿಜೈನ್ರಿ," ಎಂದೆ. "ಸೀರಿಗೆ ಸೆರಗು ಇದ್ದಂಗ."

ಮಗಳು ನನ್ನ ಮುಖ ನೋಡಿದಳು. ಚಿಕ್ಕಂದಿನಿಂದ ಮಗ್ಗದ ಮುಂದೆ ಕೂತವಳು, ಅವಳಿಗೆ ಅರ್ಥವಾಗದೇ ಇರುತ್ತದೆಯೇ? ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಬೀಗತಿ ಈ ಡಿಜೈನನ್ನು ಊರೆಲ್ಲ ಹೊಗಳಿದರು. ಹೋದ ತಿಂಗಳು ಮುಧೋಳದವರೊಬ್ಬರು, "ಜಮಖಂಡ್ಯಾಗ ಹಾಕಿದಂಗ ಸೆರಗು ಇದ್ದದ್ದ ಬೇಕ್ರಿ," ಎಂದು ಹಟ ಹಿಡಿದರು. ಈ ಸಲ ಪಟ್ಟಿಯನ್ನು ನಾನೇ ಕೂತು ಉಲ್ಟಾ ಹಾಕಿದೆ.

ಕಾಯಿ ಒಡೆದದ್ದು

ನಾಲ್ಕನೇ ದಿನ ಪೂಜೆ. ಬೀಗರು ಕೋರ್ಟಿನ ನಡುವೆ ನಿಂತು ತೆಂಗಿನಕಾಯಿಯನ್ನು ನೆಲಕ್ಕೆ ಹೊಡೆದರು. ನನ್ನ ಹುಲ್ಲು ಮೆತ್ತಗಿತ್ತು. ಕಾಯಿ ಪುಟಿದು ಬಂದು ನನ್ನ ಮೊಣಕಾಲಿಗೆ ಬಡಿಯಿತು. ಮತ್ತೊಮ್ಮೆ ಹೊಡೆದರು, ಮತ್ತೆ ಪುಟಿಯಿತು. ಕಾಯಿ ಒಡೆಯದಿರುವುದು ಅಪಶಕುನವೆಂದು ಬೀಗತಿಯ ಮುಖ ಸಪ್ಪಗಾಯಿತು, ಅದನ್ನು ನೋಡಿ ಮಗಳ ಮುಖ ಇನ್ನೂ ಸಪ್ಪಗಾಯಿತು.

ನನಗೆ ಥಟ್ಟನೆ ಹೊಳೆಯಿತು. ಮೊದಲನೇ ದಿನ ನೆಲ ಸಪಾಟು ಮಾಡುವಾಗ ಕಾಲಿಗೆ ತೊಡಕುತ್ತಿದ್ದ ಒಂದು ಕಲ್ಲನ್ನು ಕಿತ್ತು ಮೂಲೆಗೆ ಒಗೆದಿದ್ದೆ. ಓಡಿಹೋಗಿ ಅದನ್ನು ಹೊತ್ತು ತಂದು ಇಟ್ಟೆ. ಒಂದೇ ಏಟಿಗೆ ಕಾಯಿ ಎರಡು ಹೋಳು. ಬೀಗತಿ ಖುಷಿಯಿಂದ ಕಲ್ಲಿಗೆ ಕುಂಕುಮ ಹಚ್ಚಿ ಹೂವು ಏರಿಸಿದರು.

ಅದೇ ಹೊತ್ತಿಗೆ ಅಣ್ಣನವರು ಕರಿ ಕೋಟಿನ ವಕೀಲರನ್ನು ಕರೆದುಕೊಂಡು ಬಂದರು.

"ನನ್ನ ಮ್ಯಾಲ ಕೋರ್ಟ್ ಹಾಕ್ತೀನಿ ಅಂತ ಈ ಬೀಗರ ಹೇಳ್ಯಾರ," ಎಂದರು ಅಣ್ಣ.

ವಕೀಲರು ಸುತ್ತ ನೋಡಿ, "ಹಾಕ್ಯಾರ ಖರೆ. ನೆಟ್ಟೂ ಕಟ್ಯಾರ," ಎಂದರು.

ಎಲ್ಲರೂ ನಕ್ಕರು, ಅಣ್ಣನೂ ನಕ್ಕರು. ನಗುತ್ತಲೇ ಅವರ ಕಣ್ಣು ಕೆಳಗೆ ಹೋಯಿತು. "ಇದು ನಮ್ಮಿಬ್ಬರ ಪಾಲಿನ ನಡುವಿನ ಬಾಂದಗಲ್ಲು. ಇದಕ್ಯಾಕ ಪೂಜಿ ಮಾಡೀರಿ?"

ಬೀಗರು ನನ್ನ ಕಡೆ ನೋಡಿದರು. ಇದಕ್ಕೂ ಡಿಜೈನ್ ಎನ್ನಬಹುದಿತ್ತು, ಆದರೆ ಮಗಳು ಆರತಿ ತಟ್ಟೆ ಹಿಡಿದು ಎದುರಿಗೇ ನಿಂತಿದ್ದಳು. "ನಾನ ಕಿತ್ತೀನ್ರಿ. ತೊಡಕತಿತ್ತು ಅಂತ ಕಿತ್ತೆ," ಎಂದೆ. ಟೇಪು ಹಿಡಿದು ಅಳೆದರೆ ಕೋರ್ಟ್ ಅಣ್ಣನ ಜಾಗದಲ್ಲಿ ಒಂದೂವರೆ ಅಡಿ ಹೋಗಿತ್ತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅದರ ಬಾಯಿಯನ್ನು ನಾನೇ ಅಂಟು ಹಾಕಿಸಿ ಮುಚ್ಚಿಸಿದ್ದೆ.

"ಕೀಳ್ತೀನ್ರಿ," ಎಂದೆ.

ಅಣ್ಣ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಿದರು. "ಕೀಳಬ್ಯಾಡ್ರಿ. ಆದ್ರ ಈ ಒಂದೂವರಿ ಫೂಟ್ ನಂದು. ಇದರಾಗ ಬಿದ್ದದ್ದು ಒಳಗೋ ಹೊರಗೋ, ನಾ ಹೇಳಾಂವ."

ವಾರದ ಮೇಲೆ ಮಗಳ ಫೋನ್ ಬಂತು. "ಅಪ್ಪಾ, ಅಣ್ಣತಮ್ಮರು ಮಾತಾಡಾಕತ್ತಾರ."

ನನಗೆ ಜೀವ ಬಂದಂತಾಯಿತು. "ಏನಂತ ಮಾತಾಡ್ತಾರವಾ?"

"ದೊಡ್ಡಮಾವಾರು ದಿನಾ ಸಂಜೀಕ ತಮ್ಮ ಒಂದೂವರಿ ಫೂಟಿನಾಗ ಖುರ್ಚಿ ಹಾಕ್ಕೊಂಡು ಕೂಡ್ತಾರ. ಮಾವಾರು ಇನ್ ಅಂತಾರ, ಅವರು ಔಟ್ ಅಂತಾರ."

ಬೀಗರು ಇವತ್ತಿನ ತನಕ ಒಂದು ಆಟವನ್ನೂ ಗೆದ್ದಿಲ್ಲ.