ಇಂಜಿನ್ನಿನ ಬಾಯಿ ಮುಚ್ಚಿಸಿದ ಭಾನುವಾರ

ಭಾನುವಾರ ಬೆಳಗ್ಗೆ ಎಂಟೂಕಾಲಿಗೆ ಕೆಳಮನೆಯ ಓನರು ಊರುಗೋಲಿನಿಂದ ತಮ್ಮ ಚಾವಣಿಗೆ ಮೂರು ಸಲ ಗುದ್ದಿದರು. ಅವರ ಚಾವಣಿ ಅಂದರೆ ಗಾರ್ಡ್ ಸಾಹೇಬರ ಮರದ ನೆಲ. ಸಾಹೇಬರು ತಮ್ಮ ಮಾದರಿ ರೈಲಿನ ಸ್ವಿಚ್ಚು ಆರಿಸಿ ತಲೆ ಎತ್ತುವಷ್ಟರಲ್ಲಿ ಓನರು ಬಾಗಿಲಲ್ಲಿ ನಿಂತಿದ್ದರು. ಮಂಡಿನೋವಿನ ಮನುಷ್ಯ ಅಷ್ಟು ಬೇಗ ಮೆಟ್ಟಿಲು ಹೇಗೆ ಹತ್ತಿದರೋ ದೇವರೇ ಬಲ್ಲ.

“ಮೂರು ವರ್ಷ ಆಯ್ತು ಕಣ್ರೀ! ಮೂರು ವರ್ಷದಿಂದ ನನ್ನ ತಲೆ ಮೇಲೆ ದಢ ದಢ ದಢ ದಢ! ಒಂದೋ ಈ ರೈಲಿನ ಸದ್ದು ನಿಲ್ಬೇಕು, ಇಲ್ಲಾ ರೈಲೇ ಹೋಗ್ಬೇಕು. ಸಂಜೆ ಐದು ಗಂಟೆಗೆ ಕೆಳಗೆ ಮಂಚದ ಮೇಲೆ ಮಲಗಿರ್ತೀನಿ. ನೀವು ಓಡಿಸಿ. ಒಂದೇ ಒಂದು ದಢ ಕೇಳಿಸಿದ್ರೂ ಕೋಲು ತಗೋತೀನಿ.”

“ಆಮೇಲೆ ಏನ್ಮಾಡ್ತೀರಿ ಸಾರ್?” ಸಾಹೇಬರು ಮೆಲ್ಲಗೆ ಕೇಳಿದರು.

ಉತ್ತರ ಬಂದದ್ದು ಸಾಹೇಬರ ಹೆಂಡತಿಯಿಂದ. “ಅವರೇನೂ ಮಾಡ್ಬೇಕಾಗಿಲ್ಲ. ಕೋಲಿನ ಸದ್ದು ಬಂತೋ, ರೈಲು ನನ್ನ ತಮ್ಮನ ಮನೆಗೆ. ಈಗ್ಲೇ ಫೋನ್ ಮಾಡಿ ಹೇಳ್ತೀನಿ. ಸಾರ್, ನೀವು ನಿಶ್ಚಿಂತೆಯಾಗಿ ಮಲಗಿ.”

ಗಾರ್ಡ್ ಸಾಹೇಬರು ಯಾವ ಜನ್ಮದಲ್ಲೂ ಗಾರ್ಡ್ ಆಗಿದ್ದವರಲ್ಲ. ಲೈಬ್ರರಿಯಲ್ಲಿ ಕೆಲಸ. ವಾರಕ್ಕೆ ಆರು ದಿನ, ಗುಸುಗುಸು ಮಾತಾಡುವವರ ಕಡೆ ಕಣ್ಣು ಬಿಟ್ಟು ‘ಶ್ಶ್’ ಅನ್ನುವುದಕ್ಕೇ ಸಂಬಳ. ಬೆಳಗಿನಿಂದ ಸಂಜೆವರೆಗೆ ಉಸಿರು ಬಿಗಿಹಿಡಿದು ಕೂತ ಆ ಜೀವಕ್ಕೆ ಇದ್ದ ಒಂದೇ ಸುಖ ಈ ಮಾದರಿ ರೈಲು. ಗೇಣುದ್ದದ ಹಸಿರು ಇಂಜಿನ್, ಹಿಂದೆ ನಾಲ್ಕು ಬೋಗಿ, ಮುಂದಿನ ರೂಮಿನ ಮುಕ್ಕಾಲು ಪಾಲು ನುಂಗಿದ ಮೇಜಿನೆತ್ತರದ ಹಲಗೆ, ಹಲಗೆಯ ಮೇಲೆ ಕಂಬಿ, ಕಂಬಿಗೊಂದು ಸುರಂಗ. ಊಟದ ಮೇಜನ್ನು ಅಡುಗೆಮನೆಗೆ ಓಡಿಸಿ ಮಾಡಿಕೊಂಡ ಸಾಮ್ರಾಜ್ಯ ಅದು. ಗಾರ್ಡ್ ಎಂಬ ಹೆಸರನ್ನು ಬೀದಿಯವರು ಕೊಟ್ಟಿದ್ದರು, ಮರ್ಯಾದೆಯಿಂದ ಅಂತೂ ಅಲ್ಲ.

ಆ ಇಂಜಿನ್ನಿನ ಸದ್ದೂ ಸಾಮಾನ್ಯದ್ದಲ್ಲ ಬಿಡಿ. ಡಬ್ಬಿಯೊಳಗೆ ಬೋಲ್ಟು ಹಾಕಿ ಕುಲುಕಿದ ಹಾಗೆ ಕರಕರ ಅನ್ನುತ್ತಿತ್ತು. ಆದರೂ ಅದು ಭಾವಮೈದುನನ ಪಾಲಾಗುವುದನ್ನು ಸಾಹೇಬರು ಒಪ್ಪುವಂತಿರಲಿಲ್ಲ. ಆ ಮಹಾಶಯನ ಕೈಗೆ ಹೋದ ಇವರ ರೇಡಿಯೋ ಹೂಕುಂಡದ ಕೆಳಗಿನ ಮಣೆಯಾಗಿತ್ತು. ಹೊಲಿಗೆ ಬಿಟ್ಟ ಕ್ಯಾಮೆರಾ ಚೀಲವಷ್ಟೇ ವಾಪಸ್ಸು ಬಂದಿತ್ತು, ಕ್ಯಾಮೆರಾ ಬಂದಿರಲಿಲ್ಲ.

ಒಂಬತ್ತೂವರೆಗೆ ಭಾವಮೈದುನ ಬಂದೇಬಿಟ್ಟ, ಬಗಲಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ.

“ಇನ್ನೂ ಐದು ಗಂಟೆ ಆಗಿಲ್ವಲ್ಲೋ!” ಸಾಹೇಬರು ಗುಡುಗಿದರು.

“ಆತುರ ಏನಿಲ್ಲ ಭಾವ. ಅಳತೆ ಸರಿಹೋಗುತ್ತಾ ನೋಡೋಣಾಂತ ಬಂದೆ,” ಎಂದು ಅವನು ಇಂಜಿನ್ನಿನ ಪಕ್ಕ ಪೆಟ್ಟಿಗೆ ಇಟ್ಟು, ಕಾಲು ಚಾಚಿ ಕೂತ.

ಸುದ್ದಿ ಬೀದಿಗೆ ಹೋಗಲು ಇಷ್ಟು ಸಾಕಾಯಿತು. ಮೊದಲು ಬಂದವರು ಪಕ್ಕದ ಮನೆಯ ಟೈಲರಮ್ಮ, ಕೈಯಲ್ಲಿ ಉದ್ದ ಮೂತಿಯ ಎಣ್ಣೆ ಕ್ಯಾನು. “ಅಯ್ಯೋ, ಇಷ್ಟಕ್ಕೆ ಯಾಕೆ ಮುಖ ಸಪ್ಪಗೆ ಮಾಡ್ಕೊಂಡಿದೀರ? ಎಣ್ಣೆ ಒಣಗಿದ್ರೆ ಯಾವ ಮಿಷನ್ನಾದ್ರೂ ಅರಚುತ್ತೆ. ಹೊಲಿಗೆ ಮಿಷನ್ನಿಗೂ ಇದಕ್ಕೂ ಏನು ವ್ಯತ್ಯಾಸ?”

“ಒಂದು ತೊಟ್ಟು ಸಾಕು ಅಮ್ಮಾ...” ಅನ್ನುವುದರೊಳಗೆ ಅರ್ಧ ಕ್ಯಾನು ಇಂಜಿನ್ನಿನ ಹೊಟ್ಟೆ ಸೇರಿತ್ತು. ಸ್ವಿಚ್ಚು ಹಾಕಿದರೆ ಚಕ್ರಗಳೇನೋ ಗರಗರ ತಿರುಗಿದವು, ಇಂಜಿನ್ ಮಾತ್ರ ಇದ್ದಲ್ಲೇ ಇತ್ತು. ಕಂಬಿಯೆಲ್ಲ ಎಣ್ಣೆಮಯ. ಸದ್ದು ಮೊದಲಿನಷ್ಟೇ, ಜೊತೆಗೆ ಈಗ ಎಣ್ಣೆ ಸಿಡಿಯುತ್ತಿತ್ತು. ಭಾವಮೈದುನನ ಬಿಳಿ ಅಂಗಿಯ ಮೇಲೆ ಸಾಲಾಗಿ ಏಳು ಚುಕ್ಕೆ ಬಿದ್ದವು. ಬೆಳಗಿನಿಂದ ಸಾಹೇಬರಿಗೆ ಸಂತೋಷವಾದದ್ದು ಅದೇ ಮೊದಲ ಸಲ.

“ಹೊಲಿಗೆ ಮಿಷನ್ ಎಣ್ಣೇನಾ? ಕೊಂದೇಬಿಟ್ರಿ ಹಾಗಾದ್ರೆ!” ಎನ್ನುತ್ತ ಎದುರು ಮನೆಯ ವಾಚ್ ರಿಪೇರಿಯವರು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡೇ ಒಳಗೆ ಬಂದರು. ಅವರು ಸಾವಧಾನದ ಮನುಷ್ಯ. ಇಂಜಿನ್ನನ್ನು ಬಿಚ್ಚಿ, ಸ್ಕ್ರೂ, ಸ್ಪ್ರಿಂಗು, ಗಾಲಿಗಳನ್ನೆಲ್ಲ ಹಳೆ ಪೇಪರಿನ ಮೇಲೆ ಹರಡಿ, ಕಂಬಿಯನ್ನೂ ಪ್ರತಿ ಹಲ್ಲುಚಕ್ರವನ್ನೂ ಒರೆಸಿ, ಬೆಂಕಿಕಡ್ಡಿಯ ತುದಿಯಲ್ಲಿ ಚಿಟಿಕೆ ಗ್ರೀಸು ಸವರಿದರು. ಎರಡು ಗಂಟೆ ಹಿಡಿಯಿತು. ಮತ್ತೆ ಜೋಡಿಸಿದಾಗ ಪೇಪರಿನ ಮೇಲೆ ಒಂದು ಸ್ಕ್ರೂ ಉಳಿದಿತ್ತು.

“ಇದು?” ಸಾಹೇಬರು ಅದನ್ನೆತ್ತಿ ತೋರಿಸಿದರು.

“ಕಂಪನಿಯವರು ಒಂದು ಹೆಚ್ಚಿಗೆ ಹಾಕಿರ್ತಾರೆ, ತೆಗೆದಿಡಿ,” ಎಂದರು ರಿಪೇರಿಯವರು, ಆಪರೇಷನ್ ಮುಗಿಸಿದ ಸರ್ಜನ್ನನ ಧಾಟಿಯಲ್ಲಿ.

ಇಂಜಿನ್ ಓಡಿತು, ಹಿಂದಕ್ಕೆ. ಮುಂದಕ್ಕೆ ಅಂತ ಹಿಡಿ ತಿರುಗಿಸಿದರೂ ಹಿಂದಕ್ಕೇ. ನಾಲ್ಕು ಬೋಗಿಗಳನ್ನೂ ದಬ್ಬಿಕೊಂಡು ಹೋಗಿ ಹಲಗೆಯಿಂದ ಕೆಳಗೆ ಹಾಕಿ, ತಾನೂ ಹಾರಲು ಹೊರಟದ್ದನ್ನು ಸಾಹೇಬರು ಗಾಳಿಯಲ್ಲೇ ಹಿಡಿದರು. “ಹಿಂದಕ್ಕೆ ಓಡಿದ್ರೇನಂತೆ, ಕರಕರ ನಿಂತಿದ್ಯಲ್ಲ!” ಎಂದು ಟೈಲರಮ್ಮ ಸಮಾಧಾನ ಹೇಳಿದರು. ಸಾಹೇಬರು ಒಳಗಿನ ಎರಡು ತಂತಿಗಳನ್ನು ಅದಲುಬದಲು ಮಾಡಿ ಅದಕ್ಕೆ ಬುದ್ಧಿ ಕಲಿಸಿದರು.

ನಿಜ ಹೇಳಬೇಕೆಂದರೆ, ಕರಕರ ಮುಕ್ಕಾಲು ಪಾಲು ನಿಂತಿತ್ತು. ಉಳಿದದ್ದು ಹಲಗೆಯ ಗುಂಯ್‌ಗುಟ್ಟುವ ಸದ್ದು. ಕಂಬಿಯನ್ನು ನೇರವಾಗಿ ಹಲಗೆಗೆ ಮೊಳೆ ಹೊಡೆದಿದ್ದರಿಂದ ಅದು ಡೋಲಿನ ಹಾಗೆ ಅನುರಣಿಸುತ್ತಿತ್ತು. ನಡುವೆ ಏನಾದರೂ ಮೆತ್ತಗಿನದು ಬೇಕು. ಗಂಟೆ ಮೂರು, ಅಂಗಡಿಗಳು ಮುಚ್ಚಿವೆ. ಸಾಹೇಬರ ಕಣ್ಣು ಮನೆಯನ್ನೆಲ್ಲ ಸುತ್ತಿ ಅಡುಗೆಮನೆಯಲ್ಲಿ, ಹೆಂಡತಿ ನಿಂತು ಪಾತ್ರೆ ತೊಳೆಯುವ ರಬ್ಬರ್ ಮ್ಯಾಟಿನ ಮೇಲೆ ನೆಟ್ಟಿತು. ಹೆಂಡತಿ ಒಣಗಿದ ಬಟ್ಟೆ ತೆಗೆಯಲು ಹಿಂದುಗಡೆ ಹೋದ ಐದು ನಿಮಿಷದಲ್ಲಿ ಮ್ಯಾಟು ಉದ್ದುದ್ದ ಪಟ್ಟಿಗಳಾಗಿತ್ತು.

“ರೀ! ನನ್ನ ಮ್ಯಾಟು ಎಲ್ಲಿ?”

“ಇಲ್ಲೇ ಇದೆ ಕಣೇ,” ಎಂದರು ಸಾಹೇಬರು, ಕಂಬಿ ಕೂರಿಸುತ್ತ. “ಎಲ್ಲೂ ಹೋಗಿಲ್ಲ.”

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಗಂಡನನ್ನೂ ಗಡಿಯಾರವನ್ನೂ ನೋಡಿದಳು. “ಐದು ಗಂಟೆವರೆಗೂ ಏನೂ ಮಾತಾಡಲ್ಲ. ಆಮೇಲೆ ಇದೆ ನಿಮಗೆ.”

ಐದಕ್ಕೆ ಐದು ನಿಮಿಷವಿರುವಾಗ ಎಲ್ಲರೂ ಹಲಗೆಯ ಸುತ್ತ ನೆರೆದರು. ಸಾಹೇಬರು ಸ್ಟೂಲು ಎಳೆದುಕೊಂಡು, ವೈರುಗಳು ಕಾಣದಿರಲೆಂದು ಹಲಗೆಯ ಅಂಚಿಗೆ ಇಳಿಬಿಟ್ಟಿದ್ದ ಬೆಡ್‌ಶೀಟಿನೊಳಗೆ ಕಾಲು ತೂರಿಸಿ ಕೂತರು. ಕೆಳಗಿನಿಂದ ಓನರ ಕೂಗು ಬಂತು: “ಮಲಗಿದೀನಿ! ಶುರು ಮಾಡಿ!”

ಹಿಡಿ ತಿರುಗಿತು. ಹಸಿರು ಇಂಜಿನ್ ಬೆಣ್ಣೆಯ ಮೇಲೆ ಜಾರಿದಂತೆ ಹೊರಟಿತು. ಕರಕರವಿಲ್ಲ, ಗುಂಯ್ ಇಲ್ಲ. ತಿರುವಿನಲ್ಲಿ ಬಾಗಿತು, ಸುರಂಗ ಹೊಕ್ಕಿತು, ಹೊರಬಂತು.

“ಭೇಷ್!” ಎಂದರು ರಿಪೇರಿಯವರು. ಟೈಲರಮ್ಮ ಚಪ್ಪಾಳೆ ತಟ್ಟಿದರು. ಭಾವಮೈದುನನ ಮುಖ ಪೆಟ್ಟಿಗೆಯಷ್ಟೇ ಖಾಲಿಯಾಯಿತು. ಸಾಹೇಬರ ಕಣ್ಣಲ್ಲಿ ನೀರು ತುಂಬಿತು. ಮೂರು ವರ್ಷದಲ್ಲಿ ತಮ್ಮ ರೈಲು ಇಷ್ಟು ಚೆಂದ ಓಡಿದ್ದನ್ನು ಅವರು ನೋಡಿರಲಿಲ್ಲ. ಇನ್ನಷ್ಟು ವೇಗ ಕೊಟ್ಟರು.

ಢಬ್! ಢಬ್! ಢಬ್! ಕೆಳಗಿನಿಂದ ಕೋಲು ಗುದ್ದಿತು.

ಸಾಹೇಬರು ರೈಲು ನಿಲ್ಲಿಸಿದರು, ಕೋಲು ನಿಂತಿತು. ಮತ್ತೆ ಓಡಿಸಿದರು, ಮತ್ತೆ ಢಬ್ ಢಬ್.

“ಮೋಸ!” ಎಂದು ಕೂಗಿದರು ಸಾಹೇಬರು. “ಸದ್ದೇ ಇಲ್ಲ! ಬೇಕಂತಲೇ ಗುದ್ದುತ್ತಾರೆ!” ಭಾವಮೈದುನ ಆಗಲೇ ಪೆಟ್ಟಿಗೆಯೊಳಗೆ ಪೇಪರು ಹಾಸತೊಡಗಿದ್ದ.

ಓನರು ಏದುಸಿರು ಬಿಡುತ್ತ ಮೇಲೆ ಬಂದರು. “ಯಾರ್ರೀ ಮೋಸ? ಅದೇ ದಢ ದಢ! ಮೂರು ವರ್ಷದಿಂದ ಕೇಳ್ತಿರೋ ಅದೇ ದಢ ದಢ! ನನ್ನೆದುರಿಗೇ ಓಡಿಸಿ ನೋಡೋಣ.”

ಸಾಹೇಬರು ಓಡಿಸಿದರು. ಈ ಸಲ ಯಾರೂ ಉಸಿರೆತ್ತಲಿಲ್ಲ. ಓನರು ಇಂಜಿನ್ನಿಗೆ ಕಿವಿ ಕೊಟ್ಟರು, ತಲೆ ಅಲ್ಲಾಡಿಸಿದರು. ಹಲಗೆಗೆ ಕಿವಿ ಕೊಟ್ಟರು, ಹುಬ್ಬು ಗಂಟಿಕ್ಕಿದರು. ಕೊನೆಗೆ ನೋಯುವ ಮಂಡಿಯನ್ನು ಊರಿ ನೆಲಕ್ಕೆ ಬಾಗಿ, ಬೆಡ್‌ಶೀಟು ಎತ್ತಿದರು.

ಒಳಗೆ ಗಾರ್ಡ್ ಸಾಹೇಬರ ಬಲಗಾಲಿನ ಹಿಮ್ಮಡಿ ಮರದ ನೆಲವನ್ನು ಕುಟ್ಟುತ್ತಿತ್ತು. ರೈಲಿನ ಲಯಕ್ಕೆ ಸರಿಯಾಗಿ, ದಢ ದಢ ದಢ ದಢ.

“ಅಮ್ಮಾ,” ಎಂದರು ಓನರು, ಕೂತಲ್ಲಿಂದಲೇ. “ಇದು ರೈಲಲ್ಲ. ನಿಮ್ಮ ಯಜಮಾನ್ರು.”

ಸಾಹೇಬರು ಬಗ್ಗಿ ತಮ್ಮ ಕಾಲನ್ನು ಬೇರೆ ಯಾರದೋ ಕಾಲಿನಂತೆ ನೋಡಿದರು. ದೇವರಾಣೆಗೂ ಅವರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಇಂಜಿನ್ನಿನ ಕರಕರದಲ್ಲಿ ಮೇಲಿನವರಿಗೆ ಅದು ಕೇಳಿಸಿರಲಿಲ್ಲ, ಕೆಳಗಿನವರಿಗೆ ಅದೊಂದೇ ಕೇಳಿಸಿತ್ತು. “ಇನ್ನೊಂದ್ಸಲ! ಕಾಲು ಗಟ್ಟಿ ಹಿಡ್ಕೋತೀನಿ!” ಎಂದು ಗೋಗರೆದರು. ರೈಲು ಹೊರಟಿತು. ಭಾವಮೈದುನ ಬಲಗಾಲನ್ನು ಅದುಮಿ ಕೂತ, ಎಡಗಾಲು ಶುರು ಮಾಡಿತು. ಎರಡನ್ನೂ ಅದುಮಿದಾಗ ಸ್ಟೂಲೇ ಕುಣಿಯಿತು.

“ಪಾಪ, ಈ ಮೂಕಪ್ರಾಣೀನ ಮೂರು ವರ್ಷ ಬೈದೆನಲ್ಲ!” ಓನರು ಇಂಜಿನ್ನಿನ ಬೆನ್ನು ಸವರಿದರು. “ಏಳ್ರೀ ಗಾರ್ಡೇ, ನಾನೊಂದು ರೌಂಡ್ ಓಡಿಸ್ತೀನಿ.” ಓನರು ಓಡಿಸಿದರು. ಮನೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಓನರು ಮಗುವಿನ ಹಾಗೆ ನಕ್ಕರು.

ಹೆಂಡತಿ ತೀರ್ಪು ಕೊಟ್ಟಳು. “ರೈಲು ಇಲ್ಲೇ ಇರ್ಲಿ, ಅದರದ್ದೇನೂ ತಪ್ಪಿಲ್ಲ. ಸಾರ್, ನೀವು ಯಾವಾಗ ಬೇಕಾದ್ರೂ ಬಂದು ಓಡಿಸಿ. ಆದ್ರೆ ಓಡೋವಾಗ ಇವರು ಮಾತ್ರ ರೂಮಿನೊಳಗೆ ಇರ್ಬಾರ್ದು. ಕಣ್ಣಿಗೆ ಕಂಡ್ರೆ ತಾನೇ ಕಾಲು ಕುಣಿಯೋದು? ನಡೀರಿ ಹೊರಗೆ.”

ಗಾರ್ಡ್ ಸಾಹೇಬರನ್ನು ಮೆಟ್ಟಿಲ ಮೇಲಿನ ಕಲ್ಲುಚಪ್ಪಡಿಗೆ ದಾಟಿಸಿ ಬಾಗಿಲು ಹಾಕಲಾಯಿತು. ಒಳಗೆ ಓನರು, ಆಮೇಲೆ ಟೈಲರಮ್ಮ, ಆಮೇಲೆ ಭಾವಮೈದುನ, ಸರದಿಯ ಮೇಲೆ ಅವರ ರೈಲು ಓಡಿಸುತ್ತಿದ್ದರು. ನೋಡುವ ಭಾಗ್ಯ ಹೋಯಿತು, ಕೇಳಿಯಾದರೂ ತಣಿಯೋಣವೆಂದು ಅವರು ಬಾಗಿಲಿಗೆ ಕಿವಿ ಒತ್ತಿ ನಿಂತರು.

ಏನೂ ಕೇಳಿಸಲಿಲ್ಲ. ಅಷ್ಟು ಚೆನ್ನಾಗಿ ರಿಪೇರಿಯಾಗಿತ್ತು.